ಬದುಕಿದ್ದವಳ ತಿಥಿ

ಅಕ್ಕನ ತಿಥಿ ಕಾರ್ಡು ಹಿಡಿದುಕೊಂಡು ಅಂಜಿನಮೂರ್ತಿ ನೆಂಟರ ಊರುಗಳಿಗೆ ಹೋದಾಗ ಎಲ್ಲರೂ ಮೊದಲು ಕೇಳಿದ್ದು, ಪಾಪ, ಏನಾಗಿತ್ತಪ್ಪ ಅಂತ. ಏನೂ ಆಗಿಲ್ಲ, ಚೆನ್ನಾಗಿದ್ದಾಳೆ, ವೈ.ಎನ್.ಹೊಸಕೋಟೆ ಹತ್ತಿರ ಇದ್ದಾಳೆ ಅಂತ ಅವನು ಹೇಳಬೇಕಾಗಿತ್ತು. ಹೇಳಿ ಹೇಳಿ ಸಾಕಾಗಿ, ಕೊನೆಕೊನೆಗೆ ಕಾರ್ಡನ್ನು ಜಗಲಿ ಮೇಲಿಟ್ಟು ಬೈಕಿನಿಂದ ಇಳಿಯದೆಯೇ ಹೊರಟುಬಿಡುತ್ತಿದ್ದ.

ಬದುಕಿರುವವರ ತಿಥಿ ಮಾಡುವುದು ನಮ್ಮ ಕುಲದಲ್ಲಿ ಹೊಸದೇನಲ್ಲ. ಕುರಿ ಕಾಯುವ ಜನ ನಾವು. ಮಂದೆ ತಪ್ಪಿದ ಕುರಿಗೆ ಒಂದೆರಡು ಸಲ ಕೂಗು ಹಾಕುತ್ತೇವೆ; ಬಂದರೆ ಸರಿ, ಬರದಿದ್ದರೆ ತೋಳದ ಪಾಲು ಅಂದುಕೊಂಡು ಮುಂದಕ್ಕೆ ಹೊಡೆಯುತ್ತೇವೆ. ಮನುಷ್ಯರಿಗೂ ಅದೇ ನ್ಯಾಯ. ಕುಲ ಬಿಟ್ಟು ಹೋದವರಿಗೆ ಹೇಳಿ ಕಳಿಸುವುದು, ಬಗ್ಗದಿದ್ದರೆ ಫೋಟೊಗೆ ಹಾರ ಹಾಕಿ, ಎಡೆ ಇಟ್ಟು, ಎಳ್ಳುನೀರು ಬಿಡುವುದು. ಆಮೇಲೆ ಅವರು ಎದುರಿಗೆ ಬಂದು ನಿಂತರೂ ಸತ್ತವರೇ. ಇದನ್ನು ಕಟ್ಟಿದ ಹಿರಿಯರಿಗೆ ಬುದ್ಧಿ ಇತ್ತೇನೋ, ನನಗೆ ಗೊತ್ತಿಲ್ಲ. ಹೆತ್ತ ಕರುಳಂತೂ ಇರಲಿಲ್ಲ.

ಶಾಂತಕುಮಾರಿ ನಮ್ಮ ಎದುರು ಮನೆಯ ಮುದ್ದಪ್ಪ ಮತ್ತು ಗೌರಕ್ಕನ ಮಗಳು, ಅಂಜಿನಮೂರ್ತಿಯ ಅಕ್ಕ. ಸಿರಾ ಕಡೆ ಗೋಪಾಲ್ ಅನ್ನುವವನಿಗೆ ಕೊಟ್ಟಿದ್ದರು. ಒಂದು ಹೆಣ್ಣುಮಗು ಹುಟ್ಟಿತು. ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುವ ಹೊತ್ತಿಗೆ ಜ್ವರ ಬಂದು ತೀರಿಹೋಯಿತು. ಇವಳ ಕಾಲ್ಗುಣ ಸರಿಯಿಲ್ಲ ಅಂತ ಗಂಡನ ಮನೆಯವರು ತವರಿಗೆ ಕಳಿಸಿ ಕೈ ತೊಳೆದುಕೊಂಡರು. ಇಲ್ಲಿ ನಮ್ಮೂರಿನವರು ಅವರಿಗಿಂತ ಏನು ಕಡಿಮೆ? ನೀರಿಗೆ ಹೋದಲ್ಲಿ, ಹಾಲಿನ ಡೈರಿಯಲ್ಲಿ, ಸಿಕ್ಕಸಿಕ್ಕವರೆಲ್ಲ ಕೆನ್ನೆಗೆ ಕೈ ಇಟ್ಟುಕೊಂಡು ಮಗು ಹೋದ ದಿನದ ಕಥೆಯನ್ನೇ ಅವಳ ಬಾಯಿಂದ ಮತ್ತೆ ಮತ್ತೆ ಹೇಳಿಸಿದರು. ಅದಕ್ಕೆ ಮರುಕ ಅಂತ ಹೆಸರು ಬೇರೆ.

ಅಂಥ ಹೊತ್ತಿನಲ್ಲಿ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಬೂದಿ ಬಣ್ಣದ ಸೀರೆಯುಟ್ಟ ಒಬ್ಬ ಹೆಂಗಸು ಸಿಕ್ಕಿದಳು. ಅಳುತ್ತಾ ಕೂತಿದ್ದ ಶಾಂತಕುಮಾರಿಯ ಪಕ್ಕದಲ್ಲಿ ಏನೂ ಕೇಳದೆ ಬಸ್ಸು ಬರುವ ತನಕ ಸುಮ್ಮನೆ ಕೂತಿದ್ದಳಂತೆ. ಅಷ್ಟೇ ಸಾಕಾಯಿತು. ತಿಂಗಳು ತುಂಬುವುದರೊಳಗೆ ಹುಡುಗಿ ಮನೆ ಬಿಟ್ಟಿತು.

ಅವರದು ಋಣಮುಕ್ತ ಬಳಗ ಅಂತೆ. ಸುತ್ತಿನವರು ಬೂದಿಯೋರು ಅನ್ನುತ್ತಾರೆ. ಹೊಸಕೋಟೆಯಿಂದಾಚೆ ಮುಚ್ಚಿಹೋದ ಒಂದು ಕೋಳಿಫಾರಂ ಹಿಡಿದುಕೊಂಡು ಅದರಲ್ಲೇ ಇದ್ದಾರೆ. ಗುರುಗಳು ಉತ್ತರದಲ್ಲೆಲ್ಲೋ ಇದ್ದಾರಂತೆ. ಇಲ್ಲಿಗೆ ಬರುವುದು ಫೋನಿನಲ್ಲಿ ಅವರ ಮಾತು ಮಾತ್ರ. ಹೆತ್ತವರು, ಹುಟ್ಟಿದವರು, ಕಟ್ಟಿಕೊಂಡವರು ಎಲ್ಲ ಒಂದೊಂದು ಹಗ್ಗ, ಹಗ್ಗ ಬಿಚ್ಚಿದರೆ ದುಃಖವಿಲ್ಲ ಅನ್ನುವುದು ಅವರ ಬೋಧೆ. ಉಪ್ಪು ತಿನ್ನುವುದಿಲ್ಲ, ಅಳುವುದಿಲ್ಲ, ಯಾರನ್ನೂ ಅಮ್ಮ ಅಪ್ಪ ಅನ್ನುವುದಿಲ್ಲ. ಹಗಲೆಲ್ಲ ಗುಡಿಸುತ್ತಾರೆ, ತೋಟದ ಕೆಲಸ ಮಾಡುತ್ತಾರೆ, ಸಂಜೆ ಸಾಲಾಗಿ ಕೂತು ಫೋನು ಕೇಳುತ್ತಾರೆ. ಯಾರಿಗೂ ಬೈಯುವುದಿಲ್ಲ, ಹೊಡೆಯುವುದಿಲ್ಲ. ಹೊಡೆದಿದ್ದರೆ ನಮಗೆ ಎಷ್ಟೋ ಸಲೀಸಿತ್ತು.

ಅಂಜಿನಮೂರ್ತಿ ಒಂದು ಸಲ ಗೆಳೆಯರನ್ನು ಕಟ್ಟಿಕೊಂಡು ದೊಣ್ಣೆ ಹಿಡಿದು ಹೋಗಿದ್ದ. ಗೇಟಿಗೆ ಅಕ್ಕನೇ ಬಂದು ಕೈಮುಗಿದು, ನೀರು ಕುಡಿದು ಹೋಗಿ ಅಂದಳು. ತಮ್ಮನನ್ನು ಬಹುವಚನದಲ್ಲಿ ಮಾತಾಡಿಸಿದಳು. ಅವನು ದೊಣ್ಣೆಯನ್ನು ಅಲ್ಲೇ ಬಿಸಾಡಿ ಬಂದ. ಪೊಲೀಸರ ಹತ್ತಿರವೂ ಹೋಗಿದ್ದಾಯಿತು. ವಯಸ್ಸಿಗೆ ಬಂದವಳು, ತಾನಾಗಿ ಹೋಗಿದ್ದಾಳೆ, ನಾವೇನು ಮಾಡೋಣ ಅಂದರು.

ಗೌರಕ್ಕ ಮಾತ್ರ ಭಾನುವಾರ ತಪ್ಪಿಸಲಿಲ್ಲ. ಬೆಳಗ್ಗೆ ಐ.ಡಿ.ಹಳ್ಳಿಯಲ್ಲಿ ಬಸ್ಸು ಹತ್ತಿ, ಪಾವಗಡದಲ್ಲಿ ಇಳಿದು ಇನ್ನೊಂದು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಆ ಕೋಳಿಫಾರಮ್ಮಿನ ತಂತಿ ಜಾಲರಿಯ ಮುಂದೆ ನಿಲ್ಲುತ್ತಿದ್ದಳು. ಮಾತಾಡಲು ಬಿಡುತ್ತಿರಲಿಲ್ಲ, ನೋಡಲು ಅಡ್ಡಿಯಿರಲಿಲ್ಲ. ಮಗಳು ಗುಡಿಸುವುದನ್ನು, ಬಕೆಟ್ಟು ಎತ್ತುವುದನ್ನು, ಬಗ್ಗಿ ಏಳುವುದನ್ನು ನೋಡಿಕೊಂಡು ಬರುತ್ತಿದ್ದಳು. ಬಂದವಳು ನನ್ನ ಹತ್ತಿರ ಕೂತು, ಈ ವಾರ ಮುಖದ ಮೇಲೆ ಒಂಚೂರು ಕಳೆ ಬಂದದೆ ಕಣಮ್ಮ ಅಂತಲೋ, ಹಿಮ್ಮಡಿ ಒಡೆದದೆ ಅಂತಲೋ ಹೇಳುವಳು. ಅವಳ ಬದುಕು ಭಾನುವಾರದಿಂದ ಭಾನುವಾರಕ್ಕೆ ನೇತಾಡುತ್ತಿತ್ತು.

ಒಂದು ವಾರ ನಾನೂ ಜೊತೆಗೆ ಹೋಗಿದ್ದೆ. ಗೇಟಿನ ಹತ್ತಿರ ಟೀ ಕಾಯಿಸುವ ಮುದುಕ ಗೌರಕ್ಕನನ್ನು ಕರೆದು ತೆಲುಗಿನಲ್ಲಿ, “ಬಿಡ್ಡ ಕೋಸಮಾ ಅಮ್ಮ? ಉನ್ನನ್ನಿ ದಿನಾಲು ಚೂಸ್ಕೊ. ವ್ಯಾನ್ ಎಕ್ಕಿತೆ ಮಳ್ಳಿ ರಾರು” ಅಂದ. ಮಗಳಿಗಾಗಿ ಬಂದೆಯಾ, ಇರುವಷ್ಟು ದಿನ ನೋಡಿಕೋ, ವ್ಯಾನು ಹತ್ತಿದವರು ಮತ್ತೆ ಬರುವುದಿಲ್ಲ ಅಂತ. ಆಗಾಗ ಒಬ್ಬಿಬ್ಬರನ್ನು ಉತ್ತರದ ಆಶ್ರಮಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಎಲ್ಲಿ ಅಂತ ಯಾರಿಗೂ ಹೇಳುವುದಿಲ್ಲ, ಅಲ್ಲಿಂದ ಫೋನೂ ಇಲ್ಲ, ಸುದ್ದಿಯೂ ಇಲ್ಲ. ಕೊರಟಗೆರೆ ಕಡೆಯ ಒಬ್ಬ ಹೆಂಗಸು ಮಗ ಹೋದ ಮೇಲೂ ಬಂದು ಖಾಲಿ ಜಾಲರಿ ನೋಡಿಕೊಂಡು ಹೋಗುತ್ತಾಳೆ ಅಂತ ಮುದುಕ ಹೇಳಿದ. ವಾಪಸು ಬರುವಾಗ ಬಸ್ಸಿನಲ್ಲಿ ಗೌರಕ್ಕ ನನ್ನ ಕೈ ಹಿಡಿದುಕೊಂಡಿದ್ದಳು.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ. ಅಂಜಿನಮೂರ್ತಿಗೆ ಹೆಣ್ಣು ನೋಡಲು ಶುರು ಮಾಡಿದರು. ಬಂದವರೆಲ್ಲ ಕಾಫಿ ಕುಡಿದು, ಅಕ್ಕನ ವಿಷಯ ಏನು ಅಂತ ಕೇಳಿ, ಆಮೇಲೆ ಹೇಳಿ ಕಳಿಸುತ್ತೇವೆ ಅನ್ನುತ್ತಿದ್ದರು. ಕುಲದ ಯಜಮಾನ ದೊಡ್ಡರಂಗಪ್ಪ ಒಂದು ದಿನ ಜಗಲಿ ಮೇಲೆ ಕೂತು, ಇತ್ತ ಸತ್ತವಳೂ ಅಲ್ಲ ಅತ್ತ ಬದುಕಿದವಳೂ ಅಲ್ಲ, ಇಂಥ ಮನೆಗೆ ಯಾರು ಹೆಣ್ಣು ಕೊಡುತ್ತಾರೆ, ಒಂದು ತೀರ್ಮಾನ ಮಾಡು ಅಂತ ಮುದ್ದಪ್ಪನಿಗೆ ಹೇಳಿದ. ತೀರ್ಮಾನ ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಮುದ್ದಪ್ಪ ಕೆಟ್ಟವನಲ್ಲ. ಮಾತು ಕಡಿಮೆ, ಜಂಬ ಜಾಸ್ತಿ. ಮಗಳು ಹೋದ ಮೇಲೆ ಅವಳ ಹೆಸರು ಎತ್ತಿರಲಿಲ್ಲ, ಆದರೆ ಅವಳು ಸಾಕಿದ್ದ ಆಡನ್ನು ಮಾರಲೂ ಬಿಟ್ಟಿರಲಿಲ್ಲ. ಯಜಮಾನನ ಮಾತು ಕೇಳಿ ಅವನಿಗೆ ಒಂದು ಉಪಾಯ ಹೊಳೆಯಿತು. ಅವನ ಸೋದರತ್ತೆ ಚಿಕ್ಕಹನುಮಕ್ಕ ಹರೆಯದಲ್ಲಿ ಯಾರ ಜೊತೆಗೋ ಓಡಿಹೋಗಿದ್ದಳು. ಅವಳ ತಿಥಿ ಮಾಡುತ್ತೇವೆ ಅಂತ ಸಾರಿದಾಗ, ನೀರು ಬಿಡುವ ಮೊದಲೇ ಓಡಿಬಂದು ಅಪ್ಪನ ಕಾಲಿಗೆ ಬಿದ್ದಿದ್ದಳು. ಆ ಕಥೆ ಕೇಳಿಕೊಂಡೇ ಬೆಳೆದವನು ಮುದ್ದಪ್ಪ. ಚಿಕ್ಕಹನುಮಕ್ಕ ಈಗಲೂ ಇದ್ದಾಳೆ, ಹಲ್ಲಿಲ್ಲ, ಎಲೆ ಅಡಿಕೆ ಕುಟ್ಟಿಕೊಂಡು ಅದೇ ಮನೆಯ ಮೂಲೆಯಲ್ಲಿ ಕೂತಿರುತ್ತಾಳೆ. ತನ್ನ ತಿಥಿ ಅಂತ ಕೇಳಿ ಯಾವ ಹೆಣ್ಣೂ ಸುಮ್ಮನಿರುವುದಿಲ್ಲ, ಓಡಿ ಬಂದೇ ಬರುತ್ತಾಳೆ ಅಂತ ಮುದ್ದಪ್ಪ ಹೆಂಡತಿಗೆ ಹೇಳಿದ. ಗೌರಕ್ಕ ಮೊದಲು ಕಿವಿ ಮುಚ್ಚಿಕೊಂಡಳು. ಆಮೇಲೆ, ಬೇರೆ ದಾರಿ ಕಾಣದವಳು, ಆ ಉಪಾಯವನ್ನೇ ದೇವರು ಅಂತ ನಂಬಿದಳು.

ಮಧುಗಿರಿಯಲ್ಲಿ ಕಾರ್ಡು ಅಚ್ಚಾಯಿತು. ಮದುವೆಯಲ್ಲಿ ತೆಗೆದ ಫೋಟೊ ಹಾಕಿ, ಮತ್ತೆ ಹುಟ್ಟಿ ಬಾ ಅಂತ ಬರೆಸಿದ ಫ್ಲೆಕ್ಸು ಊರ ಬಾಗಿಲಲ್ಲಿ ನಿಂತಿತು. ಒಂದು ಕಾರ್ಡನ್ನು ಅಂಜಿನಮೂರ್ತಿ ಕೋಳಿಫಾರಮ್ಮಿಗೂ ಕೊಟ್ಟುಬಂದ. ಅಕ್ಕ ಅದನ್ನು ಓದಿ ಎದೆಗೆ ಒತ್ತಿಕೊಂಡಳು ಅಂತ ಅವನು ಹೇಳಿದಾಗ ಗೌರಕ್ಕನ ಮುಖ ಅರಳಿತು. ಕರುಳು ಚುರುಕ್ ಅಂದಿರುತ್ತೆ ಅಂದಳು. ನನಗೂ ಹಾಗೇ ಅನ್ನಿಸಿತು.

ತಿಥಿಯ ದಿನ ಬೆಳಕು ಹರಿಯುವ ಮೊದಲೇ ಅವಳು ಒಲೆ ಹಚ್ಚಿದ್ದಳು. ಮಗಳಿಗೆ ಇಷ್ಟ ಅಂತ ಹುರುಳಿ ಬಸ್ಸಾರು, ಮುದ್ದೆ, ಕಡಲೆಕಾಯಿ ಒಬ್ಬಟ್ಟು. ಸತ್ತವರಿಗೆ ಎಡೆ ಇಡುವುದಕ್ಕೆ ಮಾಡುತ್ತಿದ್ದಾಳೋ, ಊರಿಂದ ಬರುವ ಮಗಳಿಗೆ ಅಡುಗೆ ಮಾಡುತ್ತಿದ್ದಾಳೋ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಮುದ್ದಪ್ಪ ಟಗರು ಕೊಯ್ಯಲು ಬಿಡಲಿಲ್ಲ. ಅವಳು ಬಂದ ಮೇಲೆ ಕೊಯ್ಯೋಣ ಅಂತ ಬೇವಿನ ಮರಕ್ಕೆ ಕಟ್ಟಿಸಿದ. ನೆಂಟರೆಲ್ಲ ಸೇರಿದರು. ದಾಸಯ್ಯ ಬಂದು ಶಂಖ ಜಾಗಟೆ ಕೆಳಗಿಟ್ಟು ಕೂತ. ಅಂಗಳದಲ್ಲಿ ಚಪ್ಪರದ ಕೆಳಗೆ ಫೋಟೊ, ಅದರ ಮುಂದೆ ಬಾಳೆಲೆಯಲ್ಲಿ ಎಡೆ, ಪಕ್ಕದಲ್ಲಿ ಹೊಸ ಸೀರೆ. ಎಳ್ಳು ಹಾಕಿದ ನೀರಿನ ಚೆಂಬು ಹಿಡಿದು ಮುದ್ದಪ್ಪ ರಸ್ತೆ ನೋಡುತ್ತಾ ನಿಂತಿದ್ದ. ಹೊತ್ತು ನೆತ್ತಿಗೆ ಬಂತು. ದೊಡ್ಡರಂಗಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಆಗ ವ್ಯಾನು ಬಂತು.

ಶಾಂತಕುಮಾರಿ ಇಳಿದಳು. ಬೂದಿ ಬಣ್ಣದ ಸೀರೆ, ತಲೆ ಬಾಚಿ ಹಿಂದಕ್ಕೆ ಕಟ್ಟಿದ್ದಳು. ಗೌರಕ್ಕ ಕೈಯಲ್ಲಿದ್ದ ಸೌಟನ್ನು ಬಿಟ್ಟು ಓಡಿದಳು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡೆವು. ಬಂದಳಲ್ಲ, ನಮ್ಮವ್ವ ಬಂದಳಲ್ಲ ಅಂತ ಯಾರೋ ಅಂದರು. ಮುದ್ದಪ್ಪ ಚೆಂಬನ್ನು ಕೆಳಗಿಡಲು ಬಗ್ಗಿದ. ಅವನ ಮುಖದಲ್ಲಿ ಗೆದ್ದವನ ನಗು.

ಮಗಳು ಅಮ್ಮನ ತೋಳುಗಳಿಂದ ಮೆಲ್ಲಗೆ ಬಿಡಿಸಿಕೊಂಡಳು. ಎಲ್ಲರಿಗೂ ಕೈಮುಗಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ನಾಚಿಕೆ ಇರಲಿಲ್ಲ. ಮೊದಲ ಬಾಣಂತನಕ್ಕೆ ಬಂದಾಗ ಇದ್ದಳಲ್ಲ, ಅಷ್ಟು ಸಂತೋಷವಾಗಿದ್ದಳು. ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕಹನುಮಕ್ಕ ಅವಳನ್ನೇ ನೋಡುತ್ತಾ, ಯಾರಿಗೂ ಅಲ್ಲದ ಹಾಗೆ ಗೊಣಗಿದಳು. “ನಾನ್ ತಿಥಿಗ್ ಹೆದ್ರಿ ಬಂದಿರ್ಲಿಲ್ಲ ಕಣಮ್ಮ. ಆ ಬಡ್ಡೀಮಗ ದಿನಾ ಹೊಡೀತಿದ್ದ, ಅದುಕ್ ಬಂದೆ. ಇವ್ಳುನ್ನ ಯಾರೂ ಹೊಡ್ದಿಲ್ವಲ್ಲ.”

ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು ಮುದುಕಿ. ಕೇಳಿಸಿಕೊಂಡವಳು ನಾನೊಬ್ಬಳೇ.

ವ್ಯಾನಿನಿಂದ ಇನ್ನೊಬ್ಬಳು ಇಳಿದಳು. ಕಮಲಾಕ್ಷಮ್ಮ ಅಂತ, ಬೂದಿಯೋರಿಗೆಲ್ಲ ಹಿರಿಯಳು. ಯಾವ ಕಾಲದಲ್ಲೋ ಟೀಚರಾಗಿದ್ದಳಂತೆ, ಮಾತೂ ಹಾಗೇ ಇತ್ತು. “ಮುದ್ದಪ್ಪನವರೇ, ನಿಮ್ಮದು ದೊಡ್ಡ ಮನಸ್ಸು” ಅಂದಳು. “ಮನೆಯವರು ತಾವಾಗಿ ಬಿಟ್ಟುಕೊಡದೆ ನಾವು ಯಾರನ್ನೂ ಉತ್ತರದ ಆಶ್ರಮಕ್ಕೆ ಕಳಿಸುವುದಿಲ್ಲ. ಅಂಥವರು ಇಲ್ಲೇ ಹೊಸ್ತಿಲಲ್ಲಿ ಕಾಯಬೇಕು, ಎಷ್ಟು ವರ್ಷವಾದರೂ ಸರಿ. ನೀವು ಕಾರ್ಡು ಹಾಕಿಸಿ ಬಿಟ್ಟುಕೊಡುತ್ತಿದ್ದೀರಿ. ಹಿಂದೂಪುರದಿಂದ ಸಂಜೆ ರೈಲಿದೆ. ನೀರು ಬಿಟ್ಟ ಮೇಲೆ ಹೊರಡುತ್ತೇವೆ.”

ಮುದ್ದಪ್ಪ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಮಗಳು ಅವನ ಮುಂದೆ ಬಂದು, “ನೀರು ಬಿಡಿ. ನಾನು ಅದಕ್ಕೇ ಬಂದಿರೋದು” ಅಂದಳು.

ನಮ್ಮೆಲ್ಲರಿಗಿಂತ ಮೊದಲು ಅರ್ಥವಾಗಿದ್ದು ಗೌರಕ್ಕನಿಗೆ. ಮಗಳನ್ನು ಎಳೆಯಲು ಹಾಕಿದ ಹಗ್ಗವನ್ನು ನಾವೇ ಕೊಯ್ಯಲು ಕೂತಿದ್ದೇವೆ ಅಂತ. ಅವಳು ಬಂದು ಗಂಡನ ಮಣಿಕಟ್ಟು ಹಿಡಿದುಕೊಂಡಳು. “ಬುಡ್‌ಬ್ಯಾಡ. ನಿನ್ ಕಾಲ್ ಹಿಡ್ಕಂತೀನಿ, ನೀರ್ ಬುಡ್‌ಬ್ಯಾಡ. ಆ ಕೋಳಿಫಾರಂನಾಗೇ ಇರ್ಲಿ. ವಾರ ವಾರ ದೂರದಿಂದ್ಲೇ ನೋಡ್ಕಂಡ್ ಬತ್ತೀನಿ. ನಂಗ್ ಅಷ್ಟೇ ಸಾಕು.”

ದೊಡ್ಡರಂಗಪ್ಪ ಎದ್ದು ನಿಂತ. ಕಾರ್ಡು ಹಂಚಿ, ಕುಲ ಕೂಡಿಸಿ, ಎಡೆ ಇಟ್ಟ ಮೇಲೆ ಹಿಂದೆ ಸರಿದರೆ ನಗುವವರ ಮುಂದೆ ಎಡವಿ ಬಿದ್ದ ಹಾಗಾಗುತ್ತದೆ ಅಂದ. ಇಟ್ಟ ಎಡೆ ತೆಗೆದ ಮನೆ ಉದ್ಧಾರವಾದದ್ದು ಉಂಟಾ ಅಂತ ಇನ್ಯಾರೋ ಸೇರಿಸಿದರು. ಹೊಟ್ಟೆ ಹಸಿದ ನೆಂಟರಿಗೆ ನ್ಯಾಯ ಬೇಗ ಹೊಳೆಯುತ್ತದೆ. ಆದರೆ ಮುದ್ದಪ್ಪ ಅವರ ಕಡೆ ನೋಡುತ್ತಿರಲಿಲ್ಲ. ಮಗಳನ್ನೇ ನೋಡುತ್ತಿದ್ದ.

“ಒಂದ್ಸಲ ಅಪ್ಪ ಅನ್ನು” ಅಂದ. “ಒಂದೇ ಒಂದ್ಸಲ. ಈ ಚೆಂಬ್ ತಗಂಡೋಗಿ ಬಾವಿಗ್ ಎಸೀತೀನಿ. ಕುಲ ಏನಾರ ಅಂದ್ಕಳ್ಲಿ.”

ಅಷ್ಟು ಜನರ ಮುಂದೆ ಅವನು ಅಷ್ಟು ತಗ್ಗಿದ್ದನ್ನು ನಾನು ಕಂಡಿರಲಿಲ್ಲ. ಶಾಂತಕುಮಾರಿ ಅವನ ಕಣ್ಣನ್ನೇ ನೋಡಿದಳು. ತುಟಿ ಅಲ್ಲಾಡಿದಂತಾಯಿತು. ಗೌರಕ್ಕ ಒಂದ್ಸಲ ಅನ್ನಮ್ಮ, ಅನ್ನಮ್ಮ ಅಂತ ಪಿಸುಗುಟ್ಟುತ್ತಿದ್ದಳು. ಮಗಳು ಕೈಮುಗಿದು ತಲೆ ತಗ್ಗಿಸಿದಳು, ಅಷ್ಟೇ.

ಮುದ್ದಪ್ಪನ ಮುಖ ಕಲ್ಲಾಯಿತು. ಹೆಂಡತಿಯ ಕೈ ಕೊಡವಿದ. ದಾಸಯ್ಯ ಶಂಖ ಊದುವುದಕ್ಕೂ ಕಾಯದೆ ಚೆಂಬನ್ನು ಬಗ್ಗಿಸಿಬಿಟ್ಟ. ಎಳ್ಳು ಎಲೆಯ ಪಕ್ಕದ ಮಣ್ಣಿಗೆ ಬಿತ್ತು.

ಶಾಂತಕುಮಾರಿ ಎಡೆಯ ಮುಂದೆ ಕೂತು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿದಳು. ಎಷ್ಟೋ ತಿಂಗಳ ಮೇಲೆ ಉಪ್ಪು ಖಾರ ನಾಲಿಗೆಗೆ ಬಿದ್ದಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಖಾರಕ್ಕೋ, ಇನ್ನೇನಕ್ಕೋ, ನಾನು ಹೇಳಲಾರೆ. ಎದ್ದು ವ್ಯಾನಿನ ಕಡೆ ನಡೆದಳು.

ಆಮೇಲೆ ಗೌರಕ್ಕ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವಳು ಅಳಲಿಲ್ಲ. ಓಡಿಹೋಗಿ ವ್ಯಾನಿನ ಬಾಗಿಲು ಹಿಡಿದು, ನಾನೂ ಬರುತ್ತೇನೆ, ಗುಡಿಸುತ್ತೇನೆ, ಬಾಯಿ ಬಿಡುವುದಿಲ್ಲ, ಅವಳನ್ನು ಮಗಳು ಅನ್ನುವುದಿಲ್ಲ, ಒಂದು ಮೂಲೆಯಲ್ಲಿ ಇದ್ದುಬಿಡುತ್ತೇನೆ ಅಂದಳು. ಕಮಲಾಕ್ಷಮ್ಮ ಅವಳ ಕೈಯನ್ನು ಮೃದುವಾಗಿ ಸವರಿದಳು. “ನಿಮ್ಮನ್ನು ನಿಮ್ಮ ಮನೆಯವರು ಬಿಟ್ಟುಕೊಟ್ಟಿಲ್ಲವಲ್ಲ ತಾಯಿ” ಅಂದಳು.

ಗೌರಕ್ಕ ತಿರುಗಿ ಅಂಗಳಕ್ಕೆ ಬಂದಳು. ಗಂಡನ ಮುಂದೆ ನಿಂತಳು. ಬಿದ್ದಿದ್ದ ಚೆಂಬನ್ನು ಎತ್ತಿ, ಹಂಡೆಯಿಂದ ನೀರು ತುಂಬಿ, ಎಳ್ಳು ಹಾಕಿ ಅವನ ಕೈಗೆ ಕೊಟ್ಟಳು. “ನಂದೂ ಮಾಡ್ಬುಡು. ಎಲೆ ಐತೆ, ದಾಸಯ್ಯ ಅವ್ನೆ, ಜನ ಅವ್ರೆ. ನಂಗೂ ನೀರ್ ಬುಡು, ನಾನ್ ಅವ್ಳ ಹಿಂದೆ ಹೋಯ್ತೀನಿ.”

ಮುದ್ದಪ್ಪ ಚೆಂಬು ಹಿಡಿದು ನಿಂತ. ವ್ಯಾನು ಸ್ಟಾರ್ಟಾಯಿತು. ಗೌರಕ್ಕ ಗಂಡನ ಕೈಯನ್ನು ತಾನೇ ಬಗ್ಗಿಸಲು ನೋಡಿದಳು. ಅವನು ಚೆಂಬನ್ನು ಎದೆಗೆ ಅವಚಿಕೊಂಡ, ಅಂಗಿಯೆಲ್ಲ ಒದ್ದೆಯಾಯಿತು. “ನಂಗ್ ಆಗಲ್ಲ ಕಣೆ” ಅಂದ. “ಹಿಟ್ಟು ಬೇಯ್ಸಾಕೋರ್ ಯಾರು ನಂಗೆ.”

ಅವನ ಹತ್ತಿರ ಇದ್ದ ಮಾತು ಅದೊಂದೇ. ಬೇರೆ ಮಾತು ಅವನು ಕಲಿತಿರಲಿಲ್ಲ.

“ಮಗ್ಳಿಗ್ ಬುಡಕ್ಕೆ ಕೈ ಬಂತಲ್ಲ” ಅಂದಳು ಗೌರಕ್ಕ. ಸುತ್ತ ನೋಡಿದಳು. ಒರಳುಕಲ್ಲಿಗೆ ಎರಡೂ ಕೈ ಅಪ್ಪಳಿಸಿದಳು. ಗಾಜಿನ ಬಳೆ ಚೂರುಚೂರಾಗಿ ಎಡೆಯ ಮೇಲೆಲ್ಲ ಸಿಡಿದವು. ಹಣೆಯ ಕುಂಕುಮವನ್ನು ಅಂಗೈಯಿಂದ ಅಳಿಸಿಕೊಂಡು, ರಕ್ತ ಸುರಿಯುವ ಕೈಯಲ್ಲೇ ಮತ್ತೆ ವ್ಯಾನಿನ ಹತ್ತಿರ ಓಡಿದಳು. ನೋಡಿ, ನನ್ನನ್ನು ಬಿಟ್ಟುಕೊಡಬೇಕಾದ ಗಂಡನೇ ಇಲ್ಲ, ಇನ್ನು ಯಾರು ಬಿಡಬೇಕು, ಹತ್ತಿಸಿಕೊಳ್ಳಿ ಅಂದಳು. ಗಂಡ ಅಲ್ಲೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನಿಂತಿದ್ದ.

ಕಮಲಾಕ್ಷಮ್ಮನೂ ಬೆಚ್ಚಿದಳು ಅಂತ ಕಾಣುತ್ತದೆ. ಬಾಗಿಲು ಎಳೆದುಕೊಳ್ಳಲು ಹೋದವಳ ಕೈ ಅರ್ಧಕ್ಕೆ ನಿಂತಿತು. ಆಗ ಒಳಗಿನಿಂದ ಶಾಂತಕುಮಾರಿ ಮುಂದಕ್ಕೆ ಬಗ್ಗಿ ಅಮ್ಮನ ಕೈ ಹಿಡಿದು ನೋಡಿದಳು. ಚರ್ಮಕ್ಕೆ ನಾಟಿದ್ದ ಒಂದು ಗಾಜಿನ ಚೂರನ್ನು ಉಗುರಿನಿಂದ ಮೆಲ್ಲಗೆ ಕಿತ್ತಳು.

“ಅವ್ವ” ಅಂದಳು. “ನಂಗ್ ಅಲ್ಲಿ ಮಗೀನ್ ನೆಪ್ಪಾಗಲ್ಲ. ಇಲ್ಲಿ ನಿನ್ ಮುಖ ನೋಡುದ್ರೇ ನೆಪ್ಪಾಯ್ತದೆ. ನೀನ್ ಬರ್‌ಬ್ಯಾಡ.”

ಬಾಗಿಲು ಹಾಕಿಕೊಂಡಿತು. ಗೌರಕ್ಕ ಹಿಂದೆ ಓಡಲಿಲ್ಲ. ವ್ಯಾನು ಫ್ಲೆಕ್ಸು ದಾಟಿ ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದಳು. ಅಂಗಳದಲ್ಲಿ ಎಲೆ ಹಾಕಿದರು. ನೆಂಟರು ಉಂಡರು. ಮಾಡಿದ ಅಡುಗೆ ದಂಡವಾಗಬಾರದು ಅಂತ ನಾನೂ ಬಡಿಸಿದೆ, ಬಡಿಸುತ್ತಾ ಎಲ್ಲರನ್ನೂ ಮನಸ್ಸಿನಲ್ಲಿ ಬೈದುಕೊಂಡೆ.

ಗಂಡ ಬದುಕಿರುವಾಗ ಬೋಳು ಕೈಯಲ್ಲಿ ದೀಪ ಹಚ್ಚಬಾರದು, ಹೊತ್ತು ಮುಳುಗುವುದರೊಳಗೆ ಬಳೆ ತೊಡಿಸು ಅಂತ ದೊಡ್ಡರಂಗಪ್ಪ ಹೇಳಿ ಹೋದ. ಮುದ್ದಪ್ಪ ತಾನೇ ಐ.ಡಿ.ಹಳ್ಳಿಗೆ ಹೋಗಿ ಹಸಿರು ಗಾಜಿನ ಬಳೆ ತಂದ. ಹೆಂಡತಿಗೆ ಯಾವ ಅಳತೆ ಅಂತ ಅವನಿಗೆ ಗೊತ್ತಿರಲಿಲ್ಲ, ಅಂಗಡಿಯಲ್ಲಿದ್ದ ಅಳತೆಯದನ್ನೆಲ್ಲ ಕಟ್ಟಿಸಿಕೊಂಡು ಬಂದಿದ್ದ. ಗೌರಕ್ಕ ಕೈಗೆ ಬಟ್ಟೆ ಸುತ್ತಿಕೊಂಡು ಜಗಲಿ ಮೇಲೆ ಕೂತಿದ್ದಳು. ಅವನು ಕೆಳಗೆ ಮೆಟ್ಟಿಲ ಮೇಲೆ ಕೂತು ಪೊಟ್ಟಣ ಬಿಚ್ಚಿದ. ಕೈ ಕೊಡು ಅಂದ. ಅವಳು ಕೊಡಲಿಲ್ಲ. ಬೇಡಿಕೊಂಡ, ಗದರಿಸಿದ, ಮತ್ತೆ ಬೇಡಿಕೊಂಡ. ಕೊನೆಗೆ ಅವಳ ಮೊಣಕಾಲಿಗೆ ತಲೆ ಹಚ್ಚಿ ಅತ್ತುಬಿಟ್ಟ.

“ಗೌರಿ, ನಾನ್ ಬದ್ಕಿದೀನಿ ಕಣೆ.”

ಅವಳು ಅವನ ತಲೆಯನ್ನು ದೂಡಲಿಲ್ಲ, ಮುಟ್ಟಲೂ ಇಲ್ಲ. ರಸ್ತೆ ಕಡೆಗೇ ನೋಡುತ್ತಿದ್ದಳು.

“ಅವ್ಳೂ ಬದ್ಕಿದ್ಳು” ಅಂದಳು.